ಗಟ್ಟಿ ಗೋಡೆ

ಎಲ್ಲರ ಬಾಯಲ್ಲೂ ಅವನು ಬೋರ್ಡಣ್ಣ. ಜಿಪ್ಸಂ ಬೋರ್ಡ್ ಹೊಡೆದು ಒಂದು ಕೋಣೆಯನ್ನು ಎರಡು ಮಾಡಿಕೊಡುವುದು ಅವನ ಕಸುಬು. ಅವನ ಅಪ್ಪ ನಲವತ್ತು ವರ್ಷ ಇಟ್ಟಿಗೆ ಕಟ್ಟಿದ ಮೇಸ್ತ್ರಿ. ಮಗ ಹಾಕಿದ್ದನ್ನು ಗೋಡೆಯೆಂದು ಒಪ್ಪಿದ ಆಸಾಮಿಯೇ ಅಲ್ಲ. ಎಲ್ಲಿ ಹೋದರೂ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ನೋಡುವ ಚಾಳಿ ಆತನದು. ಬೋರ್ಡು ಡಬಡಬ ಎಂದರೆ ಸಾಕು, "ಕಾಗದ ಅಂಟ್ಸಿದೀಯ" ಎಂದು ನಾಲ್ಕು ಜನರ ಮುಂದೆ ಮಗನ ಮಾನ ಕಳೆಯುತ್ತಿದ್ದ.

ಲಕ್ವ ಹೊಡೆದು ಮೇಸ್ತ್ರಿ ಹಾಸಿಗೆ ಹಿಡಿದ. ಮಾತು ನಿಂತಿತು, ಬಲಗೈಯೊಂದು ಉಳಿಯಿತು. ನಡುಮನೆಯಲ್ಲಿ ಮಲಗಿ, ಏನು ಬೇಕಾದರೂ ಕೋಲಿನಿಂದ ಮಂಚ ಕುಟ್ಟುತ್ತಿದ್ದ. ಪರೀಕ್ಷೆ ಹತ್ತಿರ ಬಂದು ಅಲ್ಲೇ ಓದುತ್ತಿದ್ದ ಮೊಮ್ಮಗಳು ಒಂದು ದಿನ ಆ ಸದ್ದಿಗೆ ಪುಸ್ತಕ ಎಸೆದು ಅತ್ತಳು. ನಡುವೆ ಒಂದು ಗೋಡೆ ಹಾಕಿಬಿಡಿ ಎಂದು ಬೋರ್ಡಣ್ಣನ ಹೆಂಡತಿ ಪಟ್ಟು ಹಿಡಿದಳು.

ಒಂದು ಪದರ ಸಾಕಿತ್ತು, ಪರರ ಮನೆಗೆ ಅವನು ಹಾಕುತ್ತಿದ್ದದ್ದೂ ಅಷ್ಟೇ. ಆದರೆ ಅಪ್ಪ ಮಲಗಿದಲ್ಲಿಂದಲೇ ನೋಡುತ್ತಿದ್ದ. ಬೋರ್ಡಣ್ಣ ಹಠಕ್ಕೆ ಬಿದ್ದ. ಅಂಗಡಿಯಲ್ಲಿ ಒಂದೊಂದನ್ನೂ ಎತ್ತಿ ನೋಡಿ ಭಾರದ ಬೋರ್ಡುಗಳನ್ನೇ ಆರಿಸಿದ. ತಗಡಿನ ಚೌಕಟ್ಟಿನೊಳಗೆ ಹತ್ತಿಯಂಥ ದಟ್ಟ ರಾಕ್‌ವೂಲ್ ತುರುಕಿ, ಎರಡೂ ಕಡೆ ಎರಡೆರಡು ಪದರ ಹೊಡೆದು, ಸಂದುಗಳಿಗೆಲ್ಲ ಪುಟ್ಟಿ ಬಳಿದು, ಬಿಗಿಯಾದ ಬಾಗಿಲೊಂದನ್ನು ಕೂರಿಸಿದ. ಕೊನೆಗೆ ಮಂಚವನ್ನು ಗೋಡೆಗೆ ಒತ್ತರಿಸಿದ. ಮೇಸ್ತ್ರಿ ತಟ್ಟಿ ನೋಡಿದ. ಇನ್ನೊಮ್ಮೆ ತಟ್ಟಿ, ಮಗನ ಮುಖ ನೋಡಿ ಹೌದೆಂದು ತಲೆಯಾಡಿಸಿದ. ಬೋರ್ಡಣ್ಣ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡ. ಗೋಡೆಯ ಆಚೆ ನಿಂತು ಕೇಳಿ ನೋಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರು. ತಾತ ತಟ್ಟಿದರೆ ಎದ್ದು ಹೋಗು ಎಂದು ಮಗಳಿಗೆ ಹೇಳಿದ್ದರು. ಸಂಜೆ ಬೋರ್ಡಣ್ಣ ಕೋಣೆಯ ಬಾಗಿಲು ತೆರೆದಾಗ ಅಪ್ಪನ ಮೈ ತಣ್ಣಗಾಗಿತ್ತು. ಗಂಟಲಲ್ಲಿ ಕಫ ಕಟ್ಟಿದೆ, ಯಾರಾದರೂ ಎತ್ತಿ ಕೂರಿಸಿದ್ದರೆ ಉಳಿಯುತ್ತಿದ್ದರು ಎಂದರು ಡಾಕ್ಟರು. ಕೋಲು ಕೈಯಲ್ಲೇ ಇತ್ತು. ಮಂಚದ ಎತ್ತರಕ್ಕೆ ಗೋಡೆಯ ಪುಟ್ಟಿ ಉದುರಿ ಬೋರ್ಡಿನ ಮೇಲ್ಕಾಗದ ಹರಿದಿತ್ತು.

ಕೇಳಿಸಿಯೂ ಏಳಲಿಲ್ಲವೇ ಎಂದು ಹೆಂಡತಿ ಮಗಳನ್ನು ಹಿಡಿದು ಅಲ್ಲಾಡಿಸಿದಳು. ಕೇಳಿಸಲೇ ಇಲ್ಲ ಎಂದು ಹುಡುಗಿ ಬಿಕ್ಕಿದಳು. ಬಂದ ನೆಂಟರು ಯಾರೂ ಆ ಮಾತು ನಂಬಲಿಲ್ಲ. ಸತ್ಯ ಹೇಳಬೇಕೆಂದರೆ ಬೋರ್ಡಣ್ಣನೂ ನಂಬಲಿಲ್ಲ.

ಎಲ್ಲ ಮುಗಿದ ಮೇಲೆ ಮಗಳನ್ನು ಗೋಡೆಯ ಆಚೆ, ಆ ದಿನ ಅವಳು ಓದುತ್ತಿದ್ದ ಕುರ್ಚಿಯಲ್ಲೇ ಕೂರಿಸಿದ. "ನಾನು ತಟ್ತೀನಿ. ಕೇಳಿದ್ರೆ ಹೇಳು," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಪ್ಪನ ಕೋಲು ಹಿಡಿದು ಆ ಹರಿದ ಜಾಗಕ್ಕೇ ತಟ್ಟಿದ. ತೋಳು ಸೋಲುವವರೆಗೂ ತಟ್ಟಿದ.

ಹೊರಗೆ ಬಂದಾಗ ಮಗಳು ಉಸಿರು ಬಿಗಿಹಿಡಿದು, ಗೋಡೆಗೇ ಕಿವಿಗೊಟ್ಟು ಕೂತಿದ್ದಳು.

"ಯಾವಾಗ ತಟ್ತೀಯಪ್ಪಾ?" ಎಂದಳು.