ಅತ್ತೆಯ ಬೆರಳು ನಿಂತ ಜಾಗ

ದೆವ್ವ, ಶಕುನ, ಮಂತ್ರಿಸಿದ ದಾರ ಇವುಗಳ ವಿಷಯದಲ್ಲಿ ನಾನು ಮೊದಲಿನಿಂದಲೂ ಮೂಗು ಮುರಿಯುವವಳೇ. ಈಗಲೂ ಯಾರಾದರೂ ಅಂಥ ಕಥೆ ತೆಗೆದರೆ ಎದ್ದು ಚಹಾ ಮಾಡಲು ಹೋಗುತ್ತೇನೆ. ಆದರೂ ಈ ಒಂದು ಸಂಗತಿಯನ್ನು ಬರೆಯದೆ ಇರಲಾಗುತ್ತಿಲ್ಲ. ನಿಮಗೆ ನಗು ಬಂದರೆ ನಕ್ಕುಬಿಡಿ, ನಾನೂ ಅರ್ಧ ನಗುತ್ತಲೇ ಹೇಳುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾವು ಪುಣೆಯ ಬಿಬವೇವಾಡಿಯಲ್ಲಿದ್ದೆವು. ನಾನು ಶಿವಾಜಿನಗರದ ಒಂದು ಕಚೇರಿಯಲ್ಲಿ ಕ್ಲಾರ್ಕ್ ಆಗಿದ್ದೆ. ಒಂದು ದಿನ ಸ್ನಾನ ಮಾಡುವಾಗ ಬಲಗಡೆಯ ಸ್ತನದಲ್ಲಿ ಬಟಾಣಿಯಷ್ಟು ಗಂಟು ಕೈಗೆ ಸಿಕ್ಕಿತು. ಮಗಳಿನ್ನೂ ಮೂರನೆಯ ಇಯತ್ತೆ. ಅವಳ ಜಡೆ ಹೆಣೆಯುವಾಗೆಲ್ಲ, ಇನ್ನೆಷ್ಟು ವರ್ಷ ಹೆಣೆಯುತ್ತೇನೋ ಎಂದುಕೊಳ್ಳುತ್ತಿದ್ದೆ. ಎಕ್ಸ್-ರೇ, ಸೋನೋಗ್ರಫಿ ಮಾಡಿ, ಬೇಕಾದರೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸೋಣ ಎಂದರು ಡಾಕ್ಟರಮ್ಮ. ಬರುವಾಗ ಮೈಗೆ ಪೌಡರು ಹಚ್ಚಬಾರದೆಂದೂ ಹೇಳಿದ್ದರು.

ಪೌಡರು ಹಚ್ಚಲಿಲ್ಲ. ಆದರೆ ಅತ್ತೆಯಿಂದ ತಪ್ಪಿಸಿಕೊಳ್ಳುವುದು ಹೇಗೆ? ಗದಗಿನ ಕಡೆಯವರು, ಮೊಮ್ಮಗಳ ಜ್ವರದಿಂದ ಹಿಡಿದು ಕೆಟ್ಟುಹೋದ ಮಿಕ್ಸರಿನವರೆಗೆ ಎಲ್ಲಕ್ಕೂ ಮಠದ ವಿಭೂತಿಯೇ ಅವರ ಔಷಧ. ಹೊರಡುವ ಹೊತ್ತಿಗೆ ಬಾಗಿಲಿಗೆ ಅಡ್ಡ ನಿಂತು, ಕನ್ನಡಕವೂ ಇಲ್ಲದೆ, ಕುಪ್ಪಸದೊಳಗೆ ಕೈ ತೂರಿಸಿದರು. ಬೆರಳು ಒಂದು ಕಡೆ ನಿಂತಿತು. ಅಲ್ಲೇ ಚಿಟಿಕೆ ವಿಭೂತಿ ತಿಕ್ಕಿಬಿಟ್ಟರು.

"ಅತ್ತೀ, ಗಂಟು ಈ ಕಡೆ ಅದರೀ, ಬಲಕ್ಕ!" ಎಂದೆ.

"ಇರ್ಲಿ ಬಿಡವಾ, ದೇವ್ರಿಗೆ ಎಡಾ ಬಲಾ ಎಲ್ಲಾ ಗೊತ್ತಾಗ್ತದ. ರಿಕ್ಷಾ ಬಂದದ, ನಡಿ."

ಎಕ್ಸ್-ರೇ ಫಿಲ್ಮು ನೋಡಿದ ಡಾಕ್ಟರಮ್ಮನ ಮುಖ ಗಂಭೀರವಾಯಿತು. ಎಡಗಡೆ, ಕಂಕುಳಿನ ಹತ್ತಿರ, ಉಪ್ಪು ಚೆಲ್ಲಿದಂತೆ ಬಿಳಿ ಕಾಳುಗಳು. ಅಂಥ ಕಾಳು ಕ್ಯಾನ್ಸರಿನ ಗುರುತೂ ಆಗಿರಬಹುದಂತೆ. ಆಕೆ ತುಸು ಯೋಚಿಸಿ, "ಪಾವಡರ್ ಲಾವಲೀ ಕಾ?" ಎಂದರು. ಪೌಡರಲ್ಲ, ನಮ್ಮ ಅತ್ತೆಯ ವಿಭೂತಿ ಎಂದು ಮರಾಠಿಯಲ್ಲಿ ವಿವರಿಸುವಷ್ಟರಲ್ಲಿ ಬೆವರಿಳಿಯಿತು. ಒದ್ದೆ ಟವೆಲಿನಿಂದ ಒರೆಸಿಕೊಂಡು ಬಂದೆ. ಮತ್ತೆ ಫಿಲ್ಮು ತೆಗೆದರು, ಕಾಳುಗಳು ಮಾಯ. ನರ್ಸುಗಳೆಲ್ಲ ನಕ್ಕರು, ನಾನೂ ನಕ್ಕೆ. ಅತ್ತೆಯ ಮೇಲಿನ ಸಿಟ್ಟನ್ನು ಮಾತ್ರ ಮನೆಗೆ ಹೋಗುವವರೆಗೆ ಕಟ್ಟಿಟ್ಟುಕೊಂಡೆ.

ಆಮೇಲೆ ಸೋನೋಗ್ರಫಿಯ ಪರದೆ ನೋಡುತ್ತಾ ಬಲಗಡೆಯ ಗಂಟಿಗೆ ಸೂಜಿ ಚುಚ್ಚಿದರು. ನನ್ನ ನಿದ್ದೆ ಕೆಡಿಸಿದ್ದ ಆ ಗಂಟು ಬರೀ ನೀರಿನ ಗುಳ್ಳೆ! ಸಿರಿಂಜಿಗೆ ನೀರು ಬಂದದ್ದೇ, ಗಾಳಿ ಹೋದ ಪೂರಿಯಂತೆ ಚಪ್ಪಟೆಯಾಗಿ ಕಾಣದಾಯಿತು. ನಾನು ಖುಷಿಯಿಂದ ಏಳುತ್ತಿದ್ದೆ. ಡಾಕ್ಟರಮ್ಮ "ಥಾಂಬಾ" ಎಂದು ತಡೆದು, ವಿಭೂತಿ ಇದ್ದ ಜಾಗವನ್ನೂ ಒಮ್ಮೆ ನೋಡಿಬಿಡೋಣ ಎಂದರು. ಸರಿಯಾಗಿ ಆ ಜಾಗದ ಕೆಳಗೆ ತೊಗರಿಬೇಳೆಗಿಂತ ಚಿಕ್ಕ ಕಪ್ಪು ಚುಕ್ಕೆಯೊಂದಿತ್ತು. ಕೈಗೆ ಸಿಗುವಂಥದ್ದಲ್ಲ. ನೋವು ತಿಳಿಯದಂತೆ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿಯನ್ನು ಪರದೆಯಲ್ಲಿ ನೋಡುತ್ತಲೇ ಅಲ್ಲಿಗೆ ತಲುಪಿಸಿದರು. ಟಕ್ ಟಕ್ ಎಂದು ಸದ್ದಾಗಿ ಚೂರುಗಳು ಬಂದವು.

ವರದಿ ಬಂತು. ಕ್ಯಾನ್ಸರೇ. ಆದರೆ ಈಗಷ್ಟೇ ಶುರುವಾದದ್ದು. ಶಸ್ತ್ರಚಿಕಿತ್ಸೆ, ಕಿರಣಗಳ ಚಿಕಿತ್ಸೆ ಎಲ್ಲ ಮುಗಿದು, ಇದನ್ನು ಬರೆಯುವಷ್ಟು ಗಟ್ಟಿಯಾಗಿದ್ದೇನೆ.

ಎದುರು ನಿಂತವರ ಬಲಗೈ ನಮ್ಮ ಎಡಕ್ಕೆ ಬರುತ್ತದೆ, ಅಷ್ಟೇ ಎಂದು ನನ್ನ ಗಂಡ ವಿವರಿಸಿದರು. ಒಪ್ಪಿದೆ. ಎಡಗಡೆಯೇನೋ ಸರಿ, ಆ ಬೇಳೆಯಷ್ಟು ಜಾಗ? ಡಾಕ್ಟರಮ್ಮ ಬರೀ ಯೋಗಾಯೋಗ, ಕಾಕತಾಳೀಯ ಎಂದು ನಕ್ಕರು. ಅತ್ತೆ ಬಡಾಯಿ ಕೊಚ್ಚಿಕೊಳ್ಳುತ್ತಾರೆಂದು ಕಾದಿದ್ದೆ. ಅವರು ಬಿಳುಚಿಕೊಂಡರು. ಓಣಿಯ ಹೆಂಗಸರು ತಮಗೂ ಹಚ್ಚಿರೆಂದು ಬಂದಾಗ, "ನನಗೇನ್ ಗೊತ್ತದ್ರಿ? ದವಾಖಾನಿಗೆ ಹೋಗಿ ತೋರಿಸ್ಕೊರ್ರಿ" ಎಂದು ಗದರಿಸಿ ಅಟ್ಟಿದರು.

ಮರುವರ್ಷ ತಪಾಸಣೆಗೆ ಹೊರಟಾಗ ನಾನೇ ಚೇಷ್ಟೆಗೆ, "ಅತ್ತೀ, ಈ ಸಲ ಹಚ್ಚೂದಿಲ್ಲೇನ್ರಿ?" ಎಂದೆ. ಅವರು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಹಿಂದೆ ಸರಿದರು.

"ಬ್ಯಾಡವಾ. ಅವತ್ತ ನಾ ಬಲಕ್ಕ ಹಚ್ಚಬೇಕಂತನ ಹೊಂಟಿದ್ದೆ, ಕೈ ತಾನ ಅಲ್ಲಿ ನಿಂತ್ತು. ಮತ್ತ ಎಲ್ಲೆರ ನಿಂತ್ರ ಏನ್ ಮಾಡ್ಲಿ?"

ಅವರ ಕಣ್ಣು ತುಂಬಿತ್ತು.