ಒದೆಯುವಾಗಲೂ ‘ರಿ’ ಅಂದವಳು

ಧಾರವಾಡದ ಮಾಳಮಡ್ಡಿಯ ದ್ರಾಕ್ಷಾಯಿಣಿ ಹಗಲೆಲ್ಲ ಝಂಪರು ಹೊಲಿಯುವವಳು. ಸಂಜೆಯಾದರೆ ಟಿ.ವಿ. ಮುಂದೆ ಕೂತು, ಗೇಮ್ ಮಶೀನಿನಲ್ಲಿ ಎಂಥೆಂಥ ಜಟ್ಟಿಗಳನ್ನೂ ಒದ್ದು ಕೆಡವುವವಳು. ತಮ್ಮ ದುರ್ಗೇಶ ಒಂದು ಕಾಲಕ್ಕೆ ಮನೆಯ ಮುಂದಿನ ಖೋಲಿಯಲ್ಲಿ ಗೇಮಿನ ಅಂಗಡಿ ಇಟ್ಟಿದ್ದ. ಓಣಿಯ ಹುಡುಗರೆಲ್ಲ ಅಲ್ಲಿಯೇ ಬಿದ್ದಿರುತ್ತಿದ್ದರು, ಒಬ್ಬರನ್ನೊಬ್ಬರು ಬೈದರೂ ಮನೆಮಂದಿಯ ಹಾಗೆಯೇ. ಆಮೇಲೆ ಇಂಟರ್ನೆಟ್ ಬಂತು. ಹುಡುಗರು ತಮ್ಮ ತಮ್ಮ ಮನೆಯಲ್ಲಿ ಕೂತೇ ಕಂಡಕಂಡ ಊರಿನವರ ಜೊತೆ ಆಡತೊಡಗಿದರು, ಅಂಗಡಿಗೆ ಬೀಗ ಬಿತ್ತು. ಒಂದು ಮಶೀನು ಮಾತ್ರ ಮನೆಯಲ್ಲಿ ಉಳಿಯಿತು.

ಮುಖ ಕಾಣದವರಿಗೆ ಏಕವಚನ ಹಚ್ಚುವುದು ಧಾರವಾಡದ ಬಾಯಿಗೆ ಬರುವುದಿಲ್ಲ. ಅದಕ್ಕೇ ಅವಳು ಒಂದು ಸಂಜೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಇಂಟರ್ನೆಟ್ಟಿನಲ್ಲಿ ಆಡುವಾಗ, “ತಡೀರಿ, ಒಂದ ಒದೀತೇನಿ. ತಪ್ಪ ತಿಳೀಬ್ಯಾಡ್ರಿ” ಅಂದುಬಿಟ್ಟಳು. ಎದುರಿಗಿದ್ದವನು ಬೆಂಗಳೂರಿನವ. ‘ಬುಲ್ಡೋಜರ್’ ಎಂದು ಹೆಸರಿಟ್ಟುಕೊಂಡು ತನ್ನ ಆಟವನ್ನು ಮಂದಿಗೆಲ್ಲ ನೇರವಾಗಿ ತೋರಿಸುವವ. ಬಿದ್ದು ಬಿದ್ದು ನಕ್ಕ. ಆ ವಿಡಿಯೋ ತುಣುಕಿಗೆ ‘ಹಳ್ಳಿ ಆಂಟಿ’ ಎಂದು ತಲೆಬರಹ ಕೊಟ್ಟು ಊರಿಗೆಲ್ಲ ಹಂಚಿದ. ಹಿಟ್ಟಿನ ಗಿರಣಿಯಲ್ಲೂ ಅದೇ, ಅಳತೆ ಕೊಡಲು ಬಂದವರ ಫೋನಿನಲ್ಲೂ ಅದೇ.

ಅಷ್ಟನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಒಂದು ದಿನ ದುರ್ಗೇಶ ಹೆಡ್‌ಫೋನ್ ಹಾಕಿಕೊಂಡು, “ಬನ್ನಿ ಗುರು, ಆಡ್ತಾ ಇದೀನಿ” ಎನ್ನುವುದು ಕೇಳಿಸಿತು.

“ಯಾರ ಮಾತು ಮಾತಾಡಾಕತ್ತೀ?” ಎಂದಳು.

“ಸುಮ್ನಿರ ಅಕ್ಕಾ. ನಮ್ಮ ಮಾತ ಕೇಳಿದ್ರ ನಗ್ತಾರ.”

ದ್ರಾಕ್ಷಾಯಿಣಿ ಕೈಯಲ್ಲಿದ್ದ ಕತ್ತರಿಯನ್ನು ನೆಲಕ್ಕೆ ಕುಕ್ಕಿದಳು. ಆ ಮಂಗ್ಯಾ ತನ್ನನ್ನು ನಗೆಪಾಟಲು ಮಾಡಿದ್ದು ಹೋಗಲಿ, ಮನೆಯ ಹುಡುಗನ ನಾಲಗೆಯನ್ನೇ ಕಿತ್ತುಕೊಂಡಿದ್ದ. ಅವನ ಮಂದಿಯೆದುರೇ ಅವನಿಗೆ ಮಣ್ಣು ಮುಕ್ಕಿಸದೆ ಬಿಡುವುದಿಲ್ಲ ಎಂದು ಹಲ್ಲು ಕಡಿದಳು.

ಹೊಲಿಗೆ ಮುಗಿಸಿ ಅವನ ಹಳೆಯ ಆಟಗಳನ್ನೆಲ್ಲ ಹಾಕಿಕೊಂಡು ನೋಡಿದಳು. ಗೆಲ್ಲುವ ಹೊತ್ತಿಗೆ ಬುಲ್ಡೋಜರನಿಗೆ ಜಂಬ ಬರುತ್ತದೆ, ನೋಡುವವರ ಕಡೆ ತಿರುಗಿ ಹರಟುತ್ತಾನೆ, ಕೈ ಸಡಿಲಾಗುತ್ತದೆ. ಅವಳಿಗೆ ಅಷ್ಟು ಸಾಕಾಗಿತ್ತು.

ಯಾರು ಬೇಕಾದರೂ ನನ್ನ ಜೊತೆ ಆಡಬಹುದು ಎಂದು ಅವನು ಕರೆದ ಒಂದು ರವಿವಾರ ಮಧ್ಯಾಹ್ನ ಅವಳೂ ಹೋದಳು. ಧ್ವನಿ ಕೇಳಿದ್ದೇ ಅವನಿಗೆ ಹಬ್ಬ. “ಫ್ರೆಂಡ್ಸ್, ನಮ್ಮ ಆಂಟಿ ವಾಪಸ್ ಬಂದಿದಾರೆ” ಎಂದು ಆ ಕಡೆ ತಿರುಗಿದ. ಇತ್ತ ತಿರುಗುವಷ್ಟರಲ್ಲಿ ಅವನ ಜಟ್ಟಿ ನೆಲಕ್ಕೆ ಬಿದ್ದಿದ್ದ. ಎದ್ದ, ಮತ್ತೆ ಬಿದ್ದ.

“ಸಖತ್ತಾಗಿ ಆಡ್ತೀರ. ಅವತ್ತು ತಮಾಷೆಗೆ ಮಾಡಿದ್ದು, ಸಾರಿ. ಜನಕ್ಕೆ ನಿಮ್ ಭಾಷೆ ತುಂಬಾ ಇಷ್ಟ, ವಾರವಾರ ಬನ್ನಿ” ಎಂದ.

“ನಿಮ್ಮ ಮಂದೀನ ನಗಸಾಕ ಬಂದಿಲ್ರಿ ನಾ. ಇನ್ನೊಂದ ಆಟ ಹಚ್ರಿ.”

ಇಲ್ಲವೆನ್ನುವ ಹಾಗಿರಲಿಲ್ಲ. ‘ಹೆದರಿದೆಯಾ ಗುರು?’ ಎಂದು ಅವನ ಮಂದಿಯೇ ಬರೆದು ಕೆಣಕುತ್ತಿದ್ದರು. ಅವಳು ಕೆಡವುತ್ತಲೇ ಹೋದಳು. ಮೊದಮೊದಲು ಅವನನ್ನು ಗೇಲಿ ಮಾಡಿದವರು ಆಮೇಲೆ ಬೇಸತ್ತು ಒಬ್ಬೊಬ್ಬರಾಗಿ ಎದ್ದುಹೋದರು. “ಪ್ಲೀಸ್, ಇವತ್ತಿಗೆ ಬಿಟ್ಬಿಡಿ ಮೇಡಂ” ಎಂದು ಅವನು ಅಂಗಲಾಚಿದ. ಧ್ವನಿಯಲ್ಲಿ ಅಳುವಿತ್ತು. ದ್ರಾಕ್ಷಾಯಿಣಿಯ ಕಿವಿಗೆ ಅದು ಬಹಳ ಹಿತವಾಗಿತ್ತು.

“ಸಾಕು ಬಿಡಕ್ಕ, ಪಾಪ ಅವ್ರು” ಎಂದ ಹಿಂದೆ ನಿಂತಿದ್ದ ದುರ್ಗೇಶ, ಬೆಂಗಳೂರಿನ ರಾಗದಲ್ಲೇ.

ಅವಳು ಹೆಡ್‌ಫೋನ್ ಕಿತ್ತು ತಮ್ಮನ ಕಿವಿಗೆ ಸಿಕ್ಕಿಸಿದಳು. “ಬಿಡಬೇಕೋ ಬ್ಯಾಡೋ, ನೀನ ಹೇಳ ಅವಂಗ. ಮನ್ಯಾಗ ಮಾತಾಡ್ತೀಯಲ್ಲ, ಹಂಗ ಹೇಳಬೇಕ ಮತ್ತ.”

ದುರ್ಗೇಶ ಅಕ್ಕನ ಮುಖ ನೋಡಿದ. ಗಂಟಲು ಸರಿಮಾಡಿಕೊಂಡ.

“ಎಲ್ಲಿಗ್ ಹೊಂಟೀಲೇ? ಕುಂಡ್ರು. ನಮ್ಮಕ್ಕಂದು ಇನ್ನೂ ಮುಗದಿಲ್ಲ.”