ಬಾಡಿಗೆಯ ಖಾಕಿ

ಪುಣಜನೂರಿನ ಬಸ್ ನಿಲ್ದಾಣದಲ್ಲಿ ಮುದುಕಿಯೊಬ್ಬಳು ಇದ್ದಕ್ಕಿದ್ದಂತೆ ನನ್ನ ಕಾಲು ಹಿಡಿದಳು. "ನನ್ ಮಗ ಏನೂ ತಪ್ಪು ಮಾಡಿಲ್ಲ ಬುದ್ದಿ, ಬುಟ್ಬುಡಿ."

ಕಾಡಿನಲ್ಲಿ ದಂತಚೋರನಿಗಾಗಿ ಪೊಲೀಸರ ಶೋಧ ನಡೆಯುತ್ತಿದ್ದ ತೊಂಬತ್ತರ ದಶಕವದು. ವಿಚಾರಣೆಗೆಂದು ಕರೆದೊಯ್ದ ಆಕೆಯ ಮಗ ಮನೆಗೆ ಮರಳಿರಲಿಲ್ಲ. ಅಂದು ಸಂಜೆ ಚಾಮರಾಜನಗರದಲ್ಲಿ ಆಡಬೇಕಿದ್ದ ನಾಟಕದಲ್ಲಿ ನಾನು ಇನ್‌ಸ್ಪೆಕ್ಟರ್. ತಾಲೀಮು ಮುಗಿಸಿ ಬಾಡಿಗೆಯ ಖಾಕಿಯಲ್ಲೇ ಹೊರಟಿದ್ದೆ.

"ನಾನು ಪೊಲೀಸಲ್ಲ ಕಣವ್ವ, ನಾಟ್ಕದೋನು" ಎಂದೆ.

"ನಾಟ್ಕ ಆಡ್ಬ್ಯಾಡಿ ಬುದ್ದಿ" ಎಂದಳು. ಬಸ್ಸು ಬಂತು. ಕಾಲು ಬಿಡಿಸಿಕೊಂಡು ಹತ್ತಿದೆ.

ಸಂಜೆ ವೇದಿಕೆಯಲ್ಲಿ, ಮಗನಿಗಾಗಿ ಕಾಲಿಗೆ ಬೀಳುವ ತಾಯಿಯ ಪಾತ್ರಧಾರಿಯನ್ನು ನಾನು ಗದರಿಸಬೇಕಿತ್ತು. ಬಾಯಿಂದ ಮಾತೇ ಹೊರಡಲಿಲ್ಲ. ನಾನು ಮಾತು ಮರೆತಿದ್ದೇನೆಂದುಕೊಂಡು ಪರದೆಯ ಹಿಂದಿನಿಂದ ಒಬ್ಬರು ಅದನ್ನು ಮತ್ತೆ ಮತ್ತೆ ಹೇಳಿಕೊಡುತ್ತಿದ್ದರು: "ಏಯ್ ಮುದುಕಿ, ನಾಟಕ ಆಡ್ತೀಯಾ?"